ಈ ವಾರದ ಸಮಸ್ಯೆ: ಹಿಂದೋಡಿದವಂಗೆ ಚಿನ್ನದುಡುಗೊರೆಯಂತೇ

ಮಾಷ್ಟ್ರು: ಕಂದಪದ್ಯದ ಕೊನೆಯ ಪಾದ ಕೊಟ್ಟಿದ್ದೇನೆ, ಮೊದಲ ಮೂರು ಪಾದ ಕಟ್ಟಿ ಪೂರಣ ಮಾಡಿ. ಪೇಪರಿನಲ್ಲಿ ಬಂದ ಸಂಗತಿಯೇ ಆಗಬೇಕು. ರಾಧೆ, ವಸಂತ, ಕೋಗಿಲೆಗಳಿಗೆ ಈ ವಾರ ರಜೆ.

ಪಡುಗಾಳಿ:
ಮುಂದಿನ ಕೋಣಕೆ ಹುರುಳಿಯ
ತಿಂದುದೆ ಲಾಭಂ, ಕೆಸರ್ಗೆ ಮೆಯ್ಯೊಡ್ಡುತೆ ತಾಂ
ಸಂದಣಿಯೆದುರೊಳ್ ಕೋಣದ
ಹಿಂದೋಡಿದವಂಗೆ ಚಿನ್ನದುಡುಗೊರೆಯಂತೇ

ಗುರುಲಘು: ಅಡ್ಡಿಯಿಲ್ಲ. ಆದರೆ ಕಂಬಳದಲ್ಲಿ ಒಂದೇ ಕೋಣ ಓಡುವುದಾ ಮಾರಾಯ್ರೆ? ಜೋಡಿಯಲ್ಲವಾ? ‘ಕೋಣಗಳ್ಗೆ’ ಅನ್ನಬೇಕಿತ್ತು.

ಪಡುಗಾಳಿ: ‘ಕೋಣಗಳ್ಗೆ’ ಅಂದರೆ ಎರಡನೇ ಗಣ ಒಡೆದು ಮೂರನೆಯದರ ಮೇಲೆ ಬೀಳುತ್ತದೆ. ಹೆಸರು ಗುರುಲಘು, ಲೆಕ್ಕ ಮಾತ್ರ ಅಂದಾಜು. ಒಂದನ್ನು ಹೇಳಿದರೆ ಇಡೀ ಜಾತಿಗೇ ಸಲ್ಲುವ ಜಾತ್ಯೇಕವಚನ ಅಂತ ಒಂದು ಉಂಟು, ಕೇಳಿದ್ದೀರಾ?

ಹಲಗೆಮೇಲೆ: ಗಣ ಬಿಡಿ, ಸಂಗತಿಯೇ ಸರಿ ಇಲ್ಲ. ಬಹುಮಾನದ ಚಿನ್ನದ ಪವನು ಹೋಗುವುದು ಕೋಣದ ಯಜಮಾನರಿಗೆ. ಫಲಿತಾಂಶದ ಪಟ್ಟಿ ನೋಡಿ, ಮೊದಲು ಯಜಮಾನರ ಹೆಸರು, ಆಮೇಲೆ ‘ಓಡಿಸಿದವರು’. ಅದೂ ಓಡುವುದು ಹಗ್ಗ, ನೇಗಿಲು ಎಂಬ ವಿಭಾಗಗಳಲ್ಲಿ ಮಾತ್ರ. ಕನೆಹಲಗೆ, ಅಡ್ಡಹಲಗೆಯಲ್ಲಿ ಅವ ಹಲಗೆಯ ಮೇಲೆ ನಿಂತಿರುತ್ತಾನೆ. ಕನೆಹಲಗೆಗಂತೂ ವೇಗದ ಲೆಕ್ಕವೇ ಇಲ್ಲ, ಹಲಗೆಯ ತೂತಿನಿಂದ ಚಿಮ್ಮಿದ ನೀರು ಆರೂವರೆ ಕೋಲು, ಏಳೂವರೆ ಕೋಲಿನ ನಿಶಾನೆಗೆ ತಾಗಬೇಕು. ‘ಹಿಂದ್ನಿಂದವಂಗೆ’ ಅಂತ ಪಾದ ಕೊಡಲಿಕ್ಕೆ ಮಾಷ್ಟ್ರಿಗೆ ಹೇಳಿ.

ಪಡುಗಾಳಿ: 2020ರ ಐಕಳ ಕಂಬಳದಲ್ಲಿ ಓಡಿದವನ ಹೆಸರು ದೇಶಕ್ಕೇ ಗೊತ್ತಾಯಿತು. ಆ ಕೋಣಗಳ ಯಜಮಾನರ ಹೆಸರು ಹೇಳಿ ನೋಡುವ.

ಗುರುಲಘು: ಅದು ತ್ರೈರಾಶಿಕದ ಮಹಿಮೆ. 142.5 ಮೀಟರಿಗೆ 13.62 ಸೆಕೆಂಡು. ನೂರು ಮೀಟರಿಗೆ ಇಳಿಸಿ 9.55 ಅಂತ ಬರೆದು ಬೋಲ್ಟನ 9.58ರ ಪಕ್ಕ ಇಟ್ಟರು. ಬೋಲ್ಟನನ್ನು ಮುಂದಿನಿಂದ ಎರಡು ಕೋಣ ಎಳೆಯುತ್ತಿರಲಿಲ್ಲ.

ಹಲಗೆಮೇಲೆ: ಅವನ ಕಾಲಡಿ ಕೆಸರೂ ಇರಲಿಲ್ಲ.

ಮಾಷ್ಟ್ರು: ಓಟ ಶುರುವಾಗುವ ಗಂತಿನಿಂದ ಮುಗಿಯುವ ಮಂಜೊಟ್ಟಿಗೆ ಓಡಿದ್ದು ಸಾಕು. ಪೂರಣ ಬರಲಿ.

ಒಂಟಿಕೊಂಬು: ನಿಗಮ ಮಂಡಳಿಗಳ ಪಟ್ಟಿ ನೋಡಿ ಬಂದದ್ದು.
ಎಂದುಂ ಗೆಲದಿರ್ದೊಡಮೇಂ
ಸಂದುದು ನಿಗಮಾಧಿಪತ್ಯಮೊಂದೇ ದಿನದೊಳ್
ನಿಂದೆಗೆ ಬೆದರದೆ ಧಣಿಗಳ
ಹಿಂದೋಡಿದವಂಗೆ ಚಿನ್ನದುಡುಗೊರೆಯಂತೇ

ಪಡುಗಾಳಿ: ‘ಧಣಿಗಳ’ ಭೇಷ್.

ಗುರುಲಘು: ಭೇಷ್ ಎಂತದ್ದು? ಸಮಸ್ಯೆಯನ್ನೇ ತಿರುಚಿದ್ದಾರೆ. ಮಾಷ್ಟ್ರು ಕೊಟ್ಟದ್ದು ಗಾಳಿಸುದ್ದಿಯ ಅಂತೆ, ‘ಉಡುಗೊರೆ ಅಂತೆ’. ಇವರದ್ದು ‘ಉಡುಗೊರೆಯ ಹಾಗೆ’.

ಒಂಟಿಕೊಂಬು: ಒಂದರಲ್ಲಿ ಯಕಾರ ಆಗಮ, ಇನ್ನೊಂದರಲ್ಲಿ ಷಷ್ಠಿಯ ಯಕಾರ. ಬರೆದರೆ ಅದೇ ಅಕ್ಷರ. ಬಿಡಿಸುವ ಹಕ್ಕು ಪೂರಣ ಮಾಡುವವನದ್ದು.

ಗುರುಲಘು: ಹಾಗಾದರೆ ‘ಯಂತೇ’ ಅಂತ ಕೊನೆಗೆ ಎಳೆದದ್ದು ಯಾಕೆ? ವ್ಯಂಗ್ಯದ ಅಂತೆಯನ್ನು ಎಳೆಯುತ್ತಾರೆ, ಉಪಮೆಯದ್ದನ್ನು ಎಳೆಯುವುದಿಲ್ಲ.

ಒಂಟಿಕೊಂಬು: ಕಂದ ಅಲ್ಲಿ ಎಳೆಯದೆ ನಿಲ್ಲುತ್ತದಾ ಭಟ್ರೆ? ಅಷ್ಟಕ್ಕೂ ನಿಮ್ಮ ಗಾಳಿಸುದ್ದಿಗೆ ಹಳಗನ್ನಡದಲ್ಲಿ ‘ಗಡ’ ಉಂಟು. ‘ಅವಂಗೆ’ ಅಂದ ಬಾಯಿಗೆ ಉಪಮೆಯ ಅಂತೆಯೇ ಲಾಯಕ್ಕು.

ಗುರುಲಘು: ‘ಹಿಂದೆ’ ಅಂದ ಬಾಯಿ ಹಳಗನ್ನಡದ್ದಲ್ಲ. ಆಗ ‘ಪಿಂದೆ’.

ಮಾಷ್ಟ್ರು: ನಡುಗನ್ನಡ ಅಂತ ಇಟ್ಟುಕೊಳ್ಳಿ. ಎರಡು ಅಂತೆಯೂ ಆಗಲಿ ಅಂತಲೇ ಆ ಪಾದ ಕಟ್ಟಿದ್ದು.

ಗುರುಲಘು: ಇದನ್ನು ಈಗ ಹೇಳುತ್ತಿದ್ದೀರಿ.

ಲೂಪ್‌ಲೈನ್:
ವಂದೇ ಭಾರತಮೋಡಲ್
ನಿಂದುದು ಲೋಕಲ್ ಸುರತ್ಕಲೊಳ್ ಗಳಿಗೆವರಂ
ಮುಂದೆ ಹೊರಟಂಗೆ ದಂಡಂ
ಹಿಂದೋಡಿದವಂಗೆ ಚಿನ್ನದುಡುಗೊರೆಯಂತೇ

ಒಂಟಿಕೊಂಬು: ಮೂರನೇ ಪಾದ ನನ್ನದಾಗಬೇಕಿತ್ತು.

ಹಲಗೆಮೇಲೆ: ಗಳಿಗೆ ಅಂದರೆ 24 ನಿಮಿಷ. ಒಂದು ಕ್ರಾಸಿಂಗಿಗೆ ಅಷ್ಟು ಹೊತ್ತಾ?

ಲೂಪ್‌ಲೈನ್: ಕ್ರಾಸಿಂಗ್ ಎದುರಿನಿಂದ ಬಂದ ಗಾಡಿಗೆ. ಇದು ಹಿಂದಿನಿಂದ ಬಂದದ್ದು. ಕೊಂಕಣ ರೈಲಿನ ಹಳಿ ರೋಹಾದಿಂದ ತೋಕೂರಿನ ತನಕ 741 ಕಿ.ಮೀ., ಹೆಚ್ಚಿನ ಕಡೆ ಒಂದೇ ಹಳಿ. ವೇಗದ ಗಾಡಿ ಹತ್ತಿರ ಬರುವ ಮೊದಲೇ ಲೋಕಲ್ಲನ್ನು ಸ್ಟೇಷನ್ನಿನ ಪಕ್ಕದ ಹಳಿಗೆ, ಅಂದರೆ ಲೂಪಿಗೆ ಹಾಕಬೇಕು, ಅದು ಮುಂದಿನ ಸ್ಟೇಷನ್ ದಾಟಿದ ಮೇಲೆಯೇ ಇದಕ್ಕೆ ಸಿಗ್ನಲ್. ಹೊಸ ಗಾಡಿ ಬಿಟ್ಟಾಗ ಬಾವುಟ ತೋರಿಸಿದವರು ಎರಡನೇ ಹಳಿಯ ಸುದ್ದಿ ಎತ್ತುವುದಿಲ್ಲ.

ಗುರುಲಘು: ಹಳಿ ಇರಲಿ, ಸಂಧಿ ಹಳಿ ತಪ್ಪಿದೆ. ‘ಕಲ್’ಗೆ ‘ಒಳ್’ ಸೇರಿದರೆ ‘ಕಲ್ಲೊಳ್’. ‘ಸುರತ್ಕಲ್ಲೊಳ್’ ಆಗಬೇಕು, ಆಗ ಅಲ್ಲಿ ಬೇಕಾದ ಲಘು-ಗುರು-ಲಘುವಿನ ಜಗಣ ಹೋಯಿತು.

ಲೂಪ್‌ಲೈನ್: ಊರಿನ ಹೆಸರಿನಲ್ಲಿ ಕಲ್ಲು ಹುಡುಕಬೇಡಿ. ಬೇಕಾದರೆ ಗಾಡಿಯನ್ನೇ ಬೇರೆ ಕಡೆ ನಿಲ್ಲಿಸುತ್ತೇನೆ: ‘ಬೈಂದೂರೊಳ್ ನಿಂತುದಯ್ಯ ಲೋಕಲ್ ಬಂಡೀ’.

ಗುರುಲಘು: ‘ವಂ’, ‘ಮುಂ’, ‘ಹಿಂ’ ನಡುವೆ ‘ಬೈಂ’? ಪ್ರಾಸದ ಮೊದಲಕ್ಷರಕ್ಕೆ ಐಕಾರ ತಂದು ಕೂರಿಸಿದ್ದೀರಿ.

ಪಡುಗಾಳಿ: ಬಿಂದು ಉಂಟು, ದಕಾರ ಉಂಟು, ಗುರುವೂ ಉಂಟು. ಇನ್ನೆಂತ ಬೇಕು?

ಮಾಷ್ಟ್ರು: ನನಗೆ ಸುರತ್ಕಲೇ ಆದೀತು. ಗಳಿಗೆ ಕಳೆದುಕೊಳ್ಳಲಿಕ್ಕೆ ಮನಸ್ಸಿಲ್ಲ.

ಒಂಟಿಕೊಂಬು: ಗುರುಲಘುಗಳೇ, ನಿಮ್ಮ ಪೂರಣ ಎಲ್ಲಿ?

ಗುರುಲಘು: ಹಿಂದಿನಿಂದ ಬರ್ತಾ ಉಂಟು.