ತಾಮಾರ್ ಎಂಬ ಹೆಸರು: ತಾವರೆಯೋ, ಖರ್ಜೂರವೋ?

ಮಾನ್ಯರೇ,

ಕನ್ನಡ ಬೈಬಲಿನಲ್ಲಿ ಬರುವ ‘ತಾಮಾರ್’ ಎಂಬ ಹೆಣ್ಣು ಹೆಸರಿಗೂ ನಮ್ಮ ‘ತಾವರೆ’ಗೂ ನಂಟಿದೆಯೇ ಎಂದು ಗೆಳೆಯರೊಬ್ಬರು ಕೇಳಿದ್ದಾರೆ. ತಮಿಳಿನ ‘ತಾಮರೈ’, ಮಲಯಾಳದ ‘ತಾಮರ’ ಗೊತ್ತಿದ್ದವರಿಗೆ ಈ ಸಂದೇಹ ಬರುವುದು ಸಹಜ. ಆದರೆ ಇದು ಬರಿಯ ಉಚ್ಚಾರದ ಹೋಲಿಕೆ. ತಾವರೆ ದ್ರಾವಿಡ ಪದ. ತಾಮಾರ್ ಅರಬ್ಬಿಯೂ ಸೇರಿರುವ ಸೆಮಿಟಿಕ್ ಭಾಷಾಬಳಗದ ಹೀಬ್ರೂ ಪದ, ಅದರ ಅರ್ಥ ಖರ್ಜೂರದ ಮರ.

ಹೀಬ್ರೂ ಬೈಬಲಿನಲ್ಲಿ ಈ ಹೆಸರಿನವರು ಮೂವರಿದ್ದಾರೆ: ಯೂದನ ಸೊಸೆ, ದಾವೀದನ ಮಗಳು ಮತ್ತು ಅಬ್ಷಾಲೋಮನ ಮಗಳು. ಹೆಣ್ಣಿಗೆ ಈ ಮರದ ಹೆಸರು ಏಕೆ ಒಪ್ಪಿತೆಂಬುದಕ್ಕೆ ಅದೇ ಬೈಬಲಿನ ಪ್ರೇಮಕಾವ್ಯವಾದ ಪರಮಗೀತೆಯ 7ನೆಯ ಅಧ್ಯಾಯವೇ ಒಳ್ಳೆಯ ಸಾಕ್ಷಿ. ಅಲ್ಲಿ ನಲ್ಲೆಯ ನೀಳವಾದ ನಿಲುವನ್ನು ಹೋಲಿಸಿರುವುದು ಇದೇ ‘ತಾಮಾರ್’ಗೆ. ಖರ್ಜೂರದಲ್ಲಿ ಗಂಡು ಮರ, ಹೆಣ್ಣು ಮರ ಬೇರೆ ಬೇರೆ, ಹಣ್ಣು ಬಿಡುವುದು ಹೆಣ್ಣು ಮರ ಮಾತ್ರ. ಆದರೂ ಹೀಬ್ರೂ ವ್ಯಾಕರಣದಲ್ಲಿ ಈ ನಾಮಪದ ಪುಲ್ಲಿಂಗವೆಂಬುದು ಗಮನಿಸಬೇಕಾದ ಸಂಗತಿ. ರಷ್ಯದ ‘ತಮಾರಾ’ ಇದರದೇ ರೂಪ. 1184ರಿಂದ 1213ರವರೆಗೆ ಜಾರ್ಜಿಯವನ್ನು ಆಳಿದ ರಾಣಿಯ ಹೆಸರೂ ಇದೇ.

ನನಗೆ ಅತ್ಯಂತ ಪ್ರಿಯವಾದ ಕೊಂಡಿ ನಮ್ಮ ಅಡುಗೆಮನೆಯಲ್ಲಿದೆ. ತಾಮಾರ್‌ಗೆ ಅರಬ್ಬಿಯಲ್ಲಿರುವ ಸೋದರ ಪದ ‘ತಮ್ರ್’, ಅಂದರೆ ಖರ್ಜೂರದ ಹಣ್ಣು. ಅರಬರು ಹುಣಸೆಹಣ್ಣನ್ನು ‘ತಮ್ರ್ ಹಿಂದಿ’, ಎಂದರೆ ಹಿಂದೂದೇಶದ ಖರ್ಜೂರ, ಎಂದು ಕರೆದರು. ಇಂಗ್ಲಿಷಿನ ‘ಟ್ಯಾಮರಿಂಡ್’ ಹುಟ್ಟಿದ್ದು ಅದರಿಂದಲೇ. ಬೀಜ ಬಿಡಿಸಿ ಉಪ್ಪು ಬೆರೆಸಿ ಉಂಡೆ ಕಟ್ಟಿಟ್ಟ ಹಳೆಯ ಹುಣಸೆಯನ್ನು, ಅದರ ಕಪ್ಪುಗಂದು ಬಣ್ಣವನ್ನೂ ಬೆರಳಿಗಂಟುವ ತಿರುಳನ್ನೂ, ಒತ್ತಿ ಕಟ್ಟಿದ ಖರ್ಜೂರದ ಪಕ್ಕದಲ್ಲಿಟ್ಟು ನೋಡಿದರೆ ಆ ಹೆಸರಿಟ್ಟವರ ಕಣ್ಣು ಎಷ್ಟು ಸೂಕ್ಷ್ಮವಾಗಿತ್ತೆಂದು ತಿಳಿಯುತ್ತದೆ. ಅಮೆರಿಕದಿಂದ ಬಂದ ಮರವೊಂದಕ್ಕೆ ನಾವು ‘ಸೀಮೆಹುಣಸೆ’ ಎಂದು ಹೆಸರಿಟ್ಟದ್ದೂ ಇದೇ ಬಗೆಯಲ್ಲಿ.

ಇನ್ನು ಅರ್ಥ ಬರೆಯುವ ಬಗೆ. ಕನ್ನಡದಲ್ಲಿ ‘ಖರ್ಜೂರ’ ಎಂದೊಡನೆ ಅಂಗಡಿಯ ಹಣ್ಣು ನೆನಪಾಗುವುದೇ ಹೊರತು ಮರವಲ್ಲ. ಆದ್ದರಿಂದ ಹೆಸರಿನ ಅರ್ಥವನ್ನು ‘ಖರ್ಜೂರದ ಮರ’ ಎಂದು ಬಿಡಿಸಿಯೇ ಬರೆಯಬೇಕೆಂಬುದು ನನ್ನ ಅಭಿಪ್ರಾಯ. ಅದೇ ಕುಲಕ್ಕೆ ಸೇರಿದ, ನಮ್ಮ ಹಳ್ಳಗಳ ಬದಿಯಲ್ಲಿ ಬೆಳೆಯುವ ಮರ ಈಚಲು. ಈಚಲಿನಿಂದ ಬಂದ ಹೆಣ್ಣು ಹೆಸರು ಯಾರ ಊರಿನಲ್ಲಾದರೂ ಬಳಕೆಯಲ್ಲಿದ್ದರೆ, ಅದನ್ನು ಕರೆಯುವ ರೂಪದಲ್ಲೇ ದಯವಿಟ್ಟು ಬರೆದು ತಿಳಿಸಬೇಕು.