ಆಟಿ ಅಮಾವಾಸ್ಯೆಯ ಮುನ್ನಾದಿನ ಕುಟುಂಬದ ಗುಂಪಿನಲ್ಲಿ

ಸುಮತಿ ಅತ್ತೆ: (ಫಾರ್ವರ್ಡ್ ಆಗಿ ಬಂದದ್ದು) "ನಾಳೆ ಆಟಿ ಅಮಾವಾಸ್ಯೆ, ಪಾಲೆ ಮರದ ಕೆತ್ತೆಯ (ತೊಗಟೆಯ) ಕಷಾಯ ಕುಡಿಯುವ ದಿನ. ಪಾಲೆ ಕಷಾಯ ಕಹಿ ಎಂದು ಮಕ್ಕಳು ಹಠ ಮಾಡುತ್ತಾರೆಯೇ? ನಾಲಿಗೆಯ ತುದಿಗೆ ಸಿಹಿ ಮಾತ್ರ, ಬದಿಗಳಿಗೆ ಉಪ್ಪು ಹುಳಿ, ಕಹಿ ತಿಳಿಯುವುದು ಹಿಂಭಾಗಕ್ಕೆ ಮಾತ್ರ. ಚಮಚದಿಂದ ತುದಿಗೆ ಬಿಡಿ, ಮೂಗು ಹಿಡಿಯಿರಿ. ಕಹಿಯೇ ಗೊತ್ತಾಗದು. ಎಲ್ಲ ತಾಯಂದಿರಿಗೂ ಕಳಿಸಿ."

ಸುಮತಿ ಅತ್ತೆ: ಚೈತ್ರಾ, ಇದು ನಿನಗೇ ಹಾಕಿದ್ದು. ಹೋದ ವರ್ಷ ನಿನ್ನ ಮಗ ಇಡೀ ಉಗುಳಿದ್ದ.

ಚೈತ್ರಾ: ಅತ್ತೆ, ಹೋದ ವರ್ಷದ್ದು ಇನ್ನೆಷ್ಟು ಸಲ ಹೇಳ್ತೀರಿ?

ಪ್ರಕಾಶ: ಇದು ಯಾರು ಬರೆದದ್ದು ಅತ್ತೆ? ಆಧಾರ ಎಂತ ಉಂಟು?

ಸುಮತಿ ಅತ್ತೆ: ಶಾಲೆ ಪುಸ್ತಕದಲ್ಲಿ ಚಿತ್ರವೇ ಇತ್ತಲ್ಲ ಮಾರಾಯ. ನೀನೂ ಅದನ್ನೇ ಬಿಡಿಸಿ ಮಾರ್ಕು ತೆಗೊಂಡದ್ದು.

ಪ್ರಕಾಶ: ಚಿತ್ರ ಇತ್ತು. ಚಿತ್ರವೇ ತಪ್ಪು. 1901ರಲ್ಲಿ ಜರ್ಮನಿಯ ಹೇನಿಗ್ ನಾಲಿಗೆಯ ಅಂಚಿನ ಬೇರೆ ಬೇರೆ ಜಾಗದಲ್ಲಿ ಎಷ್ಟು ತೆಳು ದ್ರಾವಣ ಗೊತ್ತಾಗ್ತದೆ ಅಂತ ಅಳೆದ. ಸಿಕ್ಕಿದ್ದು ಸಣ್ಣ ವ್ಯತ್ಯಾಸ. 1942ರಲ್ಲಿ ಹಾರ್ವರ್ಡ್‌ನ ಎಡ್ವಿನ್ ಬೋರಿಂಗ್ ಅದನ್ನೇ ಗ್ರಾಫ್ ಮಾಡಿದ, ಅಳತೆ ಸರಿಯಾಗಿ ಕಾಣುವ ಹಾಗೆ ಇರಲಿಲ್ಲ. ಗೆರೆ ಕೆಳಗೆ ಇಳಿದ ಜಾಗದಲ್ಲಿ "ಸ್ವಲ್ಪ ಕಡಿಮೆ" ಅಂತ ಓದಬೇಕಾದ್ದನ್ನು ಜನ "ಇಲ್ಲವೇ ಇಲ್ಲ" ಅಂತ ಓದಿದರು. 1974ರಲ್ಲಿ ವರ್ಜೀನಿಯಾ ಕಾಲಿಂಗ್ಸ್ ಮತ್ತೆ ಅಳೆದಾಗಲೂ ವ್ಯತ್ಯಾಸ ಚಿಲ್ಲರೆಯೇ. ರುಚಿಮೊಗ್ಗು ಇರುವಲ್ಲೆಲ್ಲ ಐದೂ ರುಚಿ (ಆ ನಾಲ್ಕು, ಮತ್ತೆ ಉಮಾಮಿ) ಗೊತ್ತಾಗ್ತದೆ, ತುದಿಯಲ್ಲಿ ಕಹಿಯೂ.

ದೊಡ್ಡಪ್ಪ: ಹಿರಿಯರು ಮಾಡಿಕೊಂಡು ಬಂದದ್ದಕ್ಕೆಲ್ಲ ಆಧಾರ ಕೇಳಬಾರದು. ಔಷಧ ಕಹಿ ಇದ್ದರೆ ಕಹಿ ಅಂತಲೇ ಕುಡಿಯಬೇಕು. ಈಗಿನ ಮಕ್ಕಳಿಗೆ ಸಹನೆ ಕಲಿಸುವವರೇ ಇಲ್ಲ.

ಪ್ರಕಾಶ: ದೊಡ್ಡಪ್ಪ, ನಾನು ಕಷಾಯ ಬೇಡ ಅನ್ನಲಿಲ್ಲ. ಫಾರ್ವರ್ಡ್ ತಪ್ಪು ಅಂದದ್ದು.

ದೊಡ್ಡಪ್ಪ: ನೀನು ಆಟಿಗೆ ಮನೆಗೆ ಬಾರದೆ ಮೂರು ವರ್ಷ ಆಯ್ತು. ಗುಂಪಿನಲ್ಲಿ ಮಾತ್ರ ಕಾಣಿಸಿಕೊಳ್ಳುದು.

ಗಣೇಶ: ಅಜ್ಜಿ ಬೆಣಚುಕಲ್ಲು ಕೆಂಪಗೆ ಕಾಯಿಸಿ ಕಷಾಯಕ್ಕೆ ಹಾಕುವಾಗ ಚುಂಯ್ ಅಂತ ಬರುವ ಶಬ್ದ, ಬೆಳ್ಳುಳ್ಳಿ ಓಮದ ಪರಿಮಳ! ಆಮೇಲೆ ಮೆಂತೆ ಗಂಜಿ. ಅದಕ್ಕೇ ಎಲ್ಲರೂ ಕಷಾಯ ಕುಡಿದದ್ದು.

ಸುಮತಿ ಅತ್ತೆ: ಗಂಜಿಗೆ ತೆಂಗಿನ ಹಾಲು ತೆಗೆದದ್ದು ಯಾರು ಅಂತ ಯಾರಿಗೂ ನೆನಪಿಲ್ಲ.

ಚೈತ್ರಾ: ಪ್ರಕಾಶಣ್ಣ, ನಾನೀಗಲೇ ತುದಿಗೆ ಮೆಂತೆ ನೀರು ಹಚ್ಚಿ ನೋಡಿದೆ. ಹಿಂದೆಯೇ ಹೆಚ್ಚು ಕಹಿ ಆದ ಹಾಗೆ ಆಯ್ತು.

ಪ್ರಕಾಶ: ನಾಲಿಗೆ ಒಳಗೆ ಎಳೆದಿದ್ದಿ, ಎಂಜಲು ನುಂಗಿದ್ದಿ. ಹಿಂದೆ ಕಹಿ ಅಂತ ಓದಿದ ಮೇಲೆ ಗಮನವೂ ಅಲ್ಲಿಗೇ ಹೋಗ್ತದೆ. ಸರಿ ಮಾಡುವ ಕ್ರಮ ಹೇಳ್ತೇನೆ. 100 ಮಿಲಿ ನೀರಿಗೆ 1 ಟೀ ಚಮಚ ಉಪ್ಪು. ಇನ್ನೊಂದರಲ್ಲಿ 2 ಚಮಚ ಸಕ್ಕರೆ. ಮತ್ತೊಂದರಲ್ಲಿ ಲಿಂಬೆ ರಸ. ಕಹಿಗೆ ಸಕ್ಕರೆ ಹಾಕದ ಗಟ್ಟಿ ಡಿಕಾಕ್ಷನ್, ಆರಿದ್ದು. ಬಾಯಿ ಮುಕ್ಕಳಿಸಿ, ನಾಲಿಗೆ ಹೊರಗೆ ಚಾಚಿ ಬಟ್ಟೆಯಿಂದ ಒರೆಸಿ. ಎಂಜಲು ಇದ್ದರೆ ದ್ರಾವಣ ಹರಡ್ತದೆ. ಕಣ್ಣು ಮೂಗು ಎರಡೂ ಮುಚ್ಚಿಸಿ, ಇಲ್ಲದಿದ್ದರೆ ಕಾಫಿಯನ್ನು ಪರಿಮಳದಲ್ಲೇ ಹೇಳಿಬಿಡ್ತಾರೆ. ಬೇರೆಯವರು ಹತ್ತಿಯ ಕಡ್ಡಿಯಲ್ಲಿ ತುದಿಗೆ ಮುಟ್ಟಿಸಬೇಕು, ಯಾವುದು ಅಂತ ಹೇಳಬಾರದು. ನಾಲಿಗೆ ಹೊರಗೇ ಇರಲಿ, ಉತ್ತರ ಬರೆದಿಟ್ಟ ಚೀಟಿಗೆ ಬೆರಳು ತೋರಿಸಿದರೆ ಸಾಕು. ನಡುವೆ ಒಂದು ನಿಮಿಷ ಬಿಟ್ಟು ಮುಕ್ಕಳಿಸಿ. ಕಹಿ ತಡವಾಗಿ ಹತ್ತಿ ತುಂಬ ಹೊತ್ತು ನಿಲ್ತದೆ. ಅದರ ಮೇಲೆ ಗಡಿಬಿಡಿಯಲ್ಲಿ ಬೇರೆ ಮುಟ್ಟಿಸಿದರೆ ಲೆಕ್ಕ ಹಾಳು.

ಇನ್ನೊಂದು ಮೋಸ ಉಂಟು. ರುಚಿ ಎಲ್ಲಿ ಅನ್ನುದನ್ನು ಮೆದುಳು ಬಹಳಷ್ಟು ಸ್ಪರ್ಶದಿಂದ ತೀರ್ಮಾನ ಮಾಡ್ತದೆ. ಕಡ್ಡಿ ಎಳೆದ ಕಡೆಗೆ ರುಚಿಯೂ ಸರಿದ ಹಾಗೆ ಕಾಣ್ತದೆ. ಹಾಗಾಗಿ "ನನಗೆ ಅಲ್ಲೇ ಆಯ್ತು" ಅನ್ನುದು ಸಾಕ್ಷಿ ಆಗುದಿಲ್ಲ.

ಚೈತ್ರಾ: ಹಾಗಾದ್ರೆ ಮೂಗು ಹಿಡಿಯುದು?

ಪ್ರಕಾಶ: ಬೆಳ್ಳುಳ್ಳಿ ಓಮದ ವಾಸನೆ ನಿಲ್ತದೆ. ಕಹಿ ನಾಲಿಗೆಯದ್ದು, ಉಳಿತದೆ. ಒಳ್ಳೆಮೆಣಸಿನ ಉರಿಯೂ ಉಳಿತದೆ, ಅದು ನೋವಿನ ನರದ ಸುದ್ದಿ.

ಶುಭಾ: ಮೂಗು ಹಿಡಿದು ಹುಯ್ಯಬೇಡಿ. ಅಳುವ ಮಗು ಬಾಯಿಯಿಂದ ಉಸಿರೆಳೆಯುವಾಗಲೇ ನುಂಗಿದರೆ ಶ್ವಾಸನಾಳಕ್ಕೆ ಹೋಗ್ತದೆ. ಚಿಟಿಕೆ ಉಪ್ಪು ಹಾಕಿ, ಕೆಲವು ಕಹಿಗಳನ್ನು ಅದು ತಗ್ಗಿಸ್ತದೆ. ನುಂಗಿದ ಕೂಡಲೇ ಬೆಲ್ಲ. ಆರು ವರ್ಷದವನಿಗೆ ಒತ್ತಾಯ ಬೇಡ. ಮಕ್ಕಳಿಗೆ ಕಹಿ ದೊಡ್ಡವರಿಗಿಂತ ಜೋರಾಗಿ ಹತ್ತುದು ಸಹಜ, ಉಗುಳಿದ್ದು ಹಠ ಅಲ್ಲ.

ಚೈತ್ರಾ: ಇದನ್ನು ಅತ್ತೆ ಓದಿದರೆ ಸಾಕು.

ಶುಭಾ: ಕಹಿಗೆ ನಮ್ಮಲ್ಲಿ ಸುಮಾರು 25 ಬಗೆಯ ಗ್ರಾಹಕಗಳು, ಅಂದರೆ ಕಹಿಯನ್ನು ಗುರುತಿಸುವ ಪ್ರೋಟೀನ್‌ಗಳು, ಉಂಟು. ಆದರೂ ಎಲ್ಲವೂ ಮೆದುಳಿಗೆ "ಕಹಿ" ಅಂತ ಒಂದೇ ಮಾತು ಹೇಳುದು. ಯಾವ ಕಹಿ ಅಂತ ನಾಲಿಗೆ ಬಿಡಿಸಿ ಹೇಳುದಿಲ್ಲ. ಪಾಲೆಯೂ ಕಹಿ, ಕಾಸರಕ ಮರವೂ ಕಹಿ. ಕಾಸರಕದಲ್ಲಿ ಸ್ಟ್ರಿಕ್ನಿನ್, ಬ್ರೂಸಿನ್ ಅನ್ನುವ ವಿಷ ಉಂಟು, ಸ್ನಾಯು ಸೆಟೆದು ಫಿಟ್ಸ್ ಬರ್ತದೆ. ಕತ್ತಲಲ್ಲಿ ಕೆತ್ತೆ ತೆಗೆದು, ಕಹಿ ಇದೆ ಅಂತ ಕುಡಿದರೆ ಗತಿ ಎಂತ? ನಾಳೆ ಯಾರು ತೆಗೆಯುದು?

ಗಣೇಶ: ನಾನೇ. ಬೆಳಗ್ಗೆ ನಾಲ್ಕೂವರೆಗೆ.

ದೊಡ್ಡಪ್ಪ: ಸೂರ್ಯ ಹುಟ್ಟುವ ಮೊದಲು, ಕಲ್ಲಿನಿಂದ. ಕತ್ತಿ ತಾಗಿಸಬಾರದು.

ಶುಭಾ: ಹಾಗೇ ಆಗಲಿ ದೊಡ್ಡಪ್ಪ. ಗಣೇಶ, ಈಗ ಬೆಳಕಿರುವಾಗಲೇ ಹೋಗಿ ಮರಕ್ಕೆ ಗುರುತಿಗೆ ಬಳ್ಳಿ (ಹಗ್ಗ) ಕಟ್ಟಿ ಬಾ. ಪಾಲೆಯಲ್ಲಿ ಎಲೆಗಳು ಒಂದೇ ಗೆಣ್ಣಿನ ಸುತ್ತ ಗೊಂಚಲಾಗಿ ಇರ್ತವೆ, ಹೆಚ್ಚಾಗಿ ಏಳು. ಎಲೆ ಮುರಿದರೆ ಬಿಳಿ ಹಾಲು. ಕಾಸರಕದಲ್ಲಿ ಎರಡೆರಡು ಎಲೆ ಎದುರುಬದುರು, ಬುಡದಿಂದ ಮೂರೋ ಐದೋ ನರ ಎದ್ದು ಕಾಣ್ತವೆ, ಹಾಲು ಇಲ್ಲ. ಎರಡು ವರ್ಷದ ಹಿಂದೆ ಇದೇ ಹೇಳಿದಾಗ ಅಪಶಕುನ ಅಂತ ನನ್ನ ಬಾಯಿ ಮುಚ್ಚಿಸಿದ್ದೀರಿ.

ಸುಮತಿ ಅತ್ತೆ: ಅಪಶಕುನ ಅಂದದ್ದು ನಾನಲ್ಲ.

ದೊಡ್ಡಪ್ಪ: ನಾನು ಅಂದದ್ದು. ಗಣೇಶ, ಹೋಗಿ ನೋಡಿ ಬಾ.

ಪ್ರಕಾಶ: ಅತ್ತೆ, ಆ ಫಾರ್ವರ್ಡ್ ಬೇರೆ ಗುಂಪಿಗೂ ಹಾಕಿದ್ದೀರಾ?

ಸುಮತಿ ಅತ್ತೆ: ಭಜನೆ ಗುಂಪಿಗೆ ಮಾತ್ರ.

ಗಣೇಶ: (ಫೋಟೋ) ತೋಡಿನ ಬದಿಯ ಮರ. ಎಲೆ ಲೆಕ್ಕ ಮಾಡಿದೆ, ಏಳು. ಹಾಲು ಬಂತು. ಕೆಂಪು ಬಳ್ಳಿ ಕಟ್ಟಿದ್ದೇನೆ.

ಶುಭಾ: ಇದು ಪಾಲೆಯೇ. ಕೈ ತೊಳ್ಕೊ, ಹಾಲು ಕಣ್ಣಿಗೆ ತಾಗಿಸಬೇಡ.

ಸುಮತಿ ಅತ್ತೆ: ಪ್ರಕಾಶ, ನಾಳೆ ಬರ್ತಿಯಾ? ಗಂಜಿಗೆ ಅಕ್ಕಿ ಎಷ್ಟು ಹಾಕುದು ಅಂತ ಗೊತ್ತಾಗಬೇಕು.