ಸಹಾಯ ಬೇಕು: ಆರೈಕೆ ಕೇಂದ್ರಕ್ಕೇ ಬಂದು ಮಾಲೀಸು ಮಾಡುವವರು (ಮಂಗಳೂರು)

ಎಲ್ಲರಿಗೂ ನಮಸ್ಕಾರ. ನಮ್ಮ ದೊಡ್ಡಮ್ಮ ಕಂಕನಾಡಿ ಕಡೆ ಹಿರಿಯರ ಆರೈಕೆ ಕೇಂದ್ರವೊಂದರಲ್ಲಿ ಇದ್ದಾರೆ. ಪಾರ್ಶ್ವವಾಯು ಆದ ಮೇಲೆ ಎಡಗೈ ಬಿಗಿದುಕೊಂಡಿದೆ, ಮುಷ್ಟಿ ಬಿಡಿಸಲು ಹೋದರೆ ನರಳುತ್ತಾರೆ. ಫಿಸಿಯೋಥೆರಪಿ ನಡೆಯುತ್ತಿದೆ. ಜೊತೆಗೆ ವಾರಕ್ಕೆರಡು ಸಲ ಕೈ, ಭುಜ, ಪಾದಕ್ಕೆ ಹಗುರವಾಗಿ ಮಾಲೀಸು ಮಾಡಲು ತರಬೇತಿ ಪಡೆದ ಮಹಿಳೆ ಯಾರಾದರೂ ಗೊತ್ತಾ? ವೈದ್ಯರೂ ಕೇಂದ್ರದವರೂ ಒಪ್ಪಿದ್ದಾರೆ.

ಬಾಣಂತಿಗೆ ಎಣ್ಣೆ ಹಚ್ಚಿ ತಿಕ್ಕುವ ಹಾಗೆ ಗಟ್ಟಿಯಾಗಿ ತಿಕ್ಕುವುದು ಖಂಡಿತ ಬೇಡ. ರಕ್ತ ಹೆಪ್ಪುಗಟ್ಟದಂತೆ ಮಾತ್ರೆ ತಗೊಳ್ಳುತ್ತಿದ್ದಾರೆ, ಸ್ವಲ್ಪ ಒತ್ತಿದರೂ ಚರ್ಮ ನೀಲಿಗಟ್ಟುತ್ತದೆ. ಸೊಂಟ, ಹಿಮ್ಮಡಿಯಲ್ಲಿ ಕೆಂಪಾದ ಜಾಗವನ್ನು ತಿಕ್ಕಲೇಬಾರದು, ಬೆಡ್‌ಸೋರ್ (ಒಂದೇ ಕಡೆ ಮಲಗಿ ಒತ್ತಡದಿಂದ ಆಗುವ ಹುಣ್ಣು) ಶುರುವಾಗುವುದೇ ಅಲ್ಲಿಂದ. ಒಂದೇ ಕಾಲು ಊದಿ ಬಿಸಿಯಾಗಿದ್ದರೆ ಒಳಗೆ ರಕ್ತ ಹೆಪ್ಪುಗಟ್ಟಿರಬಹುದು. ಆಗ ಮಾಲೀಸು ಬಿಟ್ಟು ಕೂಡಲೇ ನರ್ಸ್‌ಗೆ ಹೇಳಬೇಕು. ಇದೆಲ್ಲ ತಿಳಿದವರೇ ಬೇಕು.

ದೊಡ್ಡಮ್ಮನಿಗೆ ಮಾತು ಹೊರಡುವುದಿಲ್ಲ, ಆದರೆ ತುಳುವಿನಲ್ಲಿ ಹೇಳಿದ್ದು ಪೂರ್ತಿ ಅರ್ಥವಾಗುತ್ತದೆ. ಮುಟ್ಟುವ ಮೊದಲು ಅವರನ್ನು ಕೇಳಬೇಕು, ಮುಖ ನೋಡುತ್ತಾ ಮಾಡಬೇಕು. ಕೈ ಎಳೆದುಕೊಂಡರೆ ಆ ದಿನಕ್ಕೆ ಅಷ್ಟೇ ಸಾಕು. ನನಗೆ ಇದೇ ಎಲ್ಲಕ್ಕಿಂತ ಮುಖ್ಯ.

ಉಡುಪಿಯ ಕುತ್ಪಾಡಿ ಆಯುರ್ವೇದ ಕಾಲೇಜಿನಲ್ಲೋ ಇಲ್ಲಿನ ಫಿಸಿಯೋ ಕಾಲೇಜುಗಳಲ್ಲೋ ಕಲಿತವರಿದ್ದರೆ ದಯವಿಟ್ಟು ತಿಳಿಸಿ. ದರ, ಬಿಡುವಿನ ದಿನ ಇನ್‌ಬಾಕ್ಸ್‌ಗೆ ಹಾಕಿ.